‘ಪೋಸ್ಟ್’ ಅಂದರೆ ಅಂಚೆಯಲ್ಲ, ಪುಟ್ಟಿ

ಪ್ರಶ್ನೆ: ಸರ್, ‘ವಿದ್ಯಾರ್ಥಿಗಳ ಕಿರುಚಿತ್ರ ಸಿದ್ಧ’ ಎಂಬ ಸುದ್ದಿ ಓದಿದೆ. ಒಳಗೆ ನೋಡಿದರೆ, ‘12 ನಿಮಿಷದ ಚಿತ್ರದ ಶೂಟಿಂಗ್ ನಾಲ್ಕು ದಿನದಲ್ಲಿ ಮುಗಿದಿದೆ, ರಫ್ ಕಟ್ ತಯಾರಾಗಿದೆ, ಎರಡು ತಿಂಗಳಿಂದ ಪೋಸ್ಟ್ ಪ್ರೊಡಕ್ಷನ್ ನಡೆಯುತ್ತಿದೆ’ ಎಂದಿತ್ತು. ಪೋಸ್ಟ್ ಅಂದರೆ ಎಲ್ಲಿಗೋ ಕಳಿಸಿದ್ದಾರಾ? ಫೋಟೋದಲ್ಲಿದ್ದ ಹುಡುಗ ಕಪ್ಪು-ಬಿಳಿ ಹಲಗೆ ಹಿಡಿದಿದ್ದು ಯಾಕೆ?
– ಏಳನೇ ತರಗತಿಯ ಓದುಗಿ

ಉತ್ತರ: ಎಲ್ಲಿಗೂ ಕಳಿಸಿಲ್ಲ, ಕಂಪ್ಯೂಟರ್ ಮುಂದೆ ಕೂತಿರುತ್ತಾರೆ! ಇಲ್ಲಿ ಪೋಸ್ಟ್ ಅಂದರೆ ‘ಆಮೇಲಿನದು’. ಶೂಟಿಂಗ್ ಆದಮೇಲಿನ ಕೆಲಸವೆಲ್ಲ ಅದರಲ್ಲಿ ಬಂತು. ಮೂವತ್ತು ವರ್ಷ ನಾನು ಹೊಟ್ಟೆ ಹೊರೆದದ್ದೂ ಅಲ್ಲೇ, ಎಡಿಟಿಂಗ್ ಮೇಜಿನಲ್ಲಿ.

ಒಬ್ಬಳು ಬಾಗಿಲು ತೆರೆದು ಒಳಗೆ ಬರುವ ದೃಶ್ಯ ಅಂದುಕೋ. ಮೊದಲ ಸಲ ಬಾಗಿಲು ಸಿಕ್ಕಿಕೊಂಡಿತು. ಎರಡನೇ ಸಲ ಮೈಕ್ ಮೇಲಿನಿಂದ ಇಣುಕಿತು. ಮೂರನೇ ಸಲ ಎಲ್ಲ ಸರಿಯಿತ್ತು, ಅವಳಿಗೆ ನಗು ಬಂತು. ಇವೊಂದೊಂದೂ ಒಂದು ಟೇಕ್. ಇವುಗಳಲ್ಲಿ ಬೇಕಾದ್ದನ್ನು ಆರಿಸಿ, ಕಥೆಯ ಕ್ರಮದಲ್ಲಿ ಜೋಡಿಸಿದ ಮೊದಲ ರೂಪವೇ ರಫ್ ಕಟ್. ದರ್ಜಿ ಕಚ್ಚಾ ಹೊಲಿಗೆ ಹಾಕಿ ಅಳತೆ ನೋಡುತ್ತಾನಲ್ಲ, ಹಾಗೆ. ಬಿಚ್ಚಿ ಮತ್ತೆ ಹೊಲಿಯುವುದು ಇದ್ದೇ ಇರುತ್ತದೆ.

ಆ ಹಲಗೆಗೆ ಕ್ಲ್ಯಾಪ್ ಬೋರ್ಡ್ ಅನ್ನುತ್ತೇವೆ. ದೃಶ್ಯ ಕ್ಯಾಮೆರಾದಲ್ಲಿ, ಧ್ವನಿ ಇನ್ನೊಂದು ಯಂತ್ರದಲ್ಲಿ ದಾಖಲಾಗುತ್ತವೆ. ಹಲಗೆಯ ಮೇಲಿನ ಪಟ್ಟಿ ಬಡಿದ ಫ್ರೇಮನ್ನೂ (ಫ್ರೇಮ್ ಅಂದರೆ ಒಂದೊಂದು ಬಿಡಿ ಚಿತ್ರ) ‘ಟಪ್’ ಶಬ್ದವನ್ನೂ ಒಂದಕ್ಕೊಂದು ಕೂಡಿಸಿದರೆ ಮಾತೂ ತುಟಿಯೂ ಹೊಂದುತ್ತವೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ನಾಲ್ಕೈದು ಆಚೀಚೆಯಾದರೂ ಕಣ್ಣಿಗೆ ಕಿರಿಕಿರಿ. ನಿನ್ನ 12 ನಿಮಿಷದಲ್ಲಿ 17,280 ಫ್ರೇಮ್ ಇವೆ, ಗುಣಿಸಿ ನೋಡು.

ಧ್ವನಿಯಲ್ಲಿ ನಾನೂ ಎಡವಿದವನೇ. ಕಲಿಯುವಾಗ ಮಾಡಿದ ಮೊದಲ ಚಿತ್ರದಲ್ಲಿ ಖಾಲಿ ಕೋಣೆಯ ಸದ್ದು ದಾಖಲಿಸುವುದನ್ನೇ ಮರೆತಿದ್ದೆ. ಖಾಲಿ ಕೋಣೆಗೂ ಒಂದು ಸದ್ದಿದೆ: ಫ್ಯಾನಿನ ಗುಂಯ್, ದೂರದ ರಸ್ತೆ. ಮಾತಿನ ತುಣುಕುಗಳ ನಡುವೆ ಅದನ್ನು ತುಂಬದಿದ್ದರೆ, ಕಿವಿ ಆಗಾಗ ಮುಚ್ಚಿಹೋದಂತೆ ಅನಿಸುತ್ತದೆ. ಅರ್ಧ ನಿಮಿಷದ ಮೌನಕ್ಕಾಗಿ ಇಡೀ ತಂಡ ಮತ್ತೆ ಆ ಕೋಣೆಗೆ ಹೋಗಿ ಉಸಿರು ಬಿಗಿಹಿಡಿದು ನಿಂತಿತ್ತು.

ಇನ್ನು ತಲೆಬರಹ. ಅದನ್ನು ಬರೆಯುವವರು ಹೆಚ್ಚಾಗಿ ವರದಿಗಾರರಲ್ಲ, ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು, ಜಾಗವೂ ಕಡಿಮೆ. ಒಳಗಿನ ಸಾಲು ‘ತಯಾರಾಗಿದೆ’ ಅಂದದ್ದು ರಫ್ ಕಟ್ ಬಗ್ಗೆ, ಚಿತ್ರದ ಬಗ್ಗೆ ಅಲ್ಲ. ಸಂಗೀತ, ಧ್ವನಿ ಮಿಶ್ರಣ, ಬಣ್ಣ ಹೊಂದಿಸುವುದು ಇನ್ನೂ ಬಾಕಿ ಇರಬೇಕು. ‘ಸಿದ್ಧ’ ಅಂದುಬಿಟ್ಟಿದ್ದು ತಲೆಬರಹದ ಅವಸರ.