ಅಜ್ಜನ ಕಾಲದ ಅಕ್ಕಿ ಮಿಲ್ಲು: ಕೆಡವೋದಾ, ಉಳಿಸೋದಾ?

ಪ್ರಶ್ನೆ: ಜೋಗದ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಅಜ್ಜ ಕಟ್ಟಿಸಿದ ಕುಚ್ಚಲಕ್ಕಿ ಮಿಲ್ಲು ಇದೆ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಭತ್ತ ಒಣಗಿಸುತ್ತಿದ್ದ ದೊಡ್ಡ ಸಿಮೆಂಟ್ ಕಣ. ಮಿಲ್ಲು ನಿಂತು ಬಹಳ ವರ್ಷವಾಯಿತು. ಕೆಡವಿ ಆರ್‌ಸಿಸಿ ರೆಸಾರ್ಟ್ ಕಟ್ಟೋಣ ಅಂತ ಭಾವ ಹೇಳುತ್ತಾರೆ. ನನಗೆ ಇದನ್ನೇ ತಂಗುವ ಹೋಟೆಲ್ ಮಾಡಿ, ಊರಿನವರಿಗೂ ಉಪಯೋಗವಾಗುವಂತೆ ಉಳಿಸುವ ಆಸೆ. ಆಗುತ್ತದಾ? ಎಲ್ಲಿಂದ ಶುರು ಮಾಡಲಿ?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಖಂಡಿತ ಆಗುತ್ತದೆ. ದಯವಿಟ್ಟು ಕೆಡವಬೇಡಿ. ಆದರೆ ಎಷ್ಟು ರೂಮು ಅನ್ನುವ ಲೆಕ್ಕದಿಂದ ಶುರು ಮಾಡಬೇಡಿ, ಕಣದಿಂದ ಶುರು ಮಾಡಿ.

ಜೋಗಕ್ಕೆ ಜನ ನುಗ್ಗುವುದು ಮಳೆಗಾಲದಲ್ಲಿ, ಅದೂ ಹೆಚ್ಚಾಗಿ ಶನಿವಾರ, ಭಾನುವಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಬೇಸಿಗೆಯಲ್ಲಿ ಅಲ್ಲಿ ನೀರು ತೀರಾ ಕಡಿಮೆ. ಬರೀ ರೂಮು ನಂಬಿಕೊಂಡರೆ ಉಳಿದ ತಿಂಗಳು ಏನು ಮಾಡುತ್ತೀರಿ? ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್‌ನಿಂದ ಮೇವರೆಗೆ. ಮದುವೆಗಳೂ ಅದೇ ಹೊತ್ತಿಗೆ. ಪ್ರವಾಸಿಗರು ಇಲ್ಲದ ಕಾಲಕ್ಕೇ ನಿಮ್ಮ ಕಣಕ್ಕೆ ಕೆಲಸ. ಹಾಗಾಗಿ ಅದರ ಸುತ್ತ ಕಾಂಪೌಂಡ್ ಎಬ್ಬಿಸಿ ಗೇಟು ಹಾಕಬೇಡಿ. ಭತ್ತದ ಹೊಟ್ಟು ಬಿಡಿಸಿ ಅಕ್ಕಿ ಮಾಡುವ ಮಿಷನ್, ಅಂದರೆ ಹಲ್ಲರ್, ಒಂದನ್ನು ರಿಪೇರಿ ಮಾಡಿಸಿ ಓಡಿಸಿದರೆ ಸುತ್ತಲಿನವರು ಮನೆ ಖರ್ಚಿನ ಭತ್ತ ತರುತ್ತಾರೆ. ಧೂಳು, ಸದ್ದು ಎರಡೂ ಜಾಸ್ತಿ. ಅದು ರೂಮುಗಳಿಂದ ದೂರ ಇರಲಿ, ಹಗಲು ಮಾತ್ರ ಓಡಲಿ. ಹೆಗ್ಗೋಡು ನಿಮ್ಮ ತಾಲ್ಲೂಕಿನಲ್ಲೇ ಇದೆ. 1949ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಮೊದಲು ಊರಿನವರದ್ದಾಯಿತು. ದೂರದ ಜನ ಹುಡುಕಿಕೊಂಡು ಬಂದದ್ದು ಆಮೇಲೆ.

ಈಗ ಕಟ್ಟಡದ ವಿಷಯ. ನಕ್ಷೆ ಬರೆಸುವ ಮೊದಲು ಒಂದು ಮಳೆಗಾಲ ಪೂರ್ತಿ ಅದನ್ನು ನೋಡಿ. ನೀರು ಎಲ್ಲಿ ಸೋರುತ್ತದೆ, ಯಾವ ಗೋಡೆ ಬುಡದಿಂದ ನೀರು ಹೀರುತ್ತದೆ, ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತಾ ಹೋಗಿ. ಹಂಚು ಹೊರುವ ಮರದ ಪಕಾಸಿಯ ತುದಿ ಗೋಡೆಯ ಮೇಲೆ ಕೂತ ಜಾಗಕ್ಕೆ ಏಣಿ ಹಾಕಿ ಹತ್ತಿ, ಸ್ಕ್ರೂಡ್ರೈವರ್ ಒತ್ತಿ ನೋಡಿ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಮರವೂ ಅಲ್ಲಿ ಲಡ್ಡಾಗಿರುತ್ತದೆ. ಸ್ಕ್ರೂಡ್ರೈವರ್ ಬೆಣ್ಣೆಗೆ ಇಳಿದಂತೆ ಇಳಿದರೆ ಆ ಪಕಾಸಿ ಬದಲಾಯಿಸಲೇಬೇಕು. ಹಂಚನ್ನು ಬೆರಳಿನಿಂದ ಬಡಿಯಿರಿ. ಟಣ್ ಅಂದರೆ ಇಟ್ಟುಕೊಳ್ಳಿ, ಮಂಕು ಸದ್ದು ಬಂದರೆ ಒಳಗೆ ಬಿರುಕಿದೆ. ಒಡೆದದ್ದಕ್ಕೆ ಹಳೇ ಹಂಚನ್ನೇ ಹುಡುಕುವಾಗ ಹಿಂದುಗಡೆಯ ಕಾರ್ಖಾನೆ ಮುದ್ರೆ ನೋಡಿ ತನ್ನಿ. ಒಂದು ಕಂಪನಿಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ಮಳೆ ಇಳಿಯುತ್ತದೆ.

ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇಡವೇ ಬೇಡ. ಚಿರೆಕಲ್ಲು ನೀರು ಕುಡಿಯುವ ಕಲ್ಲು, ಕುಡಿದದ್ದನ್ನು ಹೊರಗೆ ಬಿಡಬೇಕು. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಆಮೇಲೆ ಪೇಂಟ್ ಉಬ್ಬುತ್ತದೆ, ರೂಮು ಮುಗ್ಗಲು ವಾಸನೆ ಹೊಡೆಯುತ್ತದೆ. ಸುಣ್ಣದ ಗಾರೆ ಮಾಡಿಸಿ. ಅಕ್ಕಿ ಗೋಡೌನ್‌ಗೆ ಕಿಟಕಿ ಕಡಿಮೆ ಇರುತ್ತದೆ, ಅಲ್ವಾ? ರೂಮಿಗೆ ಬೆಳಕು ಬೇಕು ಅಂತ ಮೇಸ್ತ್ರಿ ಸುಮ್ನೆ ಗೋಡೆ ಕೊರೆಯದಂತೆ ನೋಡಿಕೊಳ್ಳಿ. ಸ್ಟ್ರಕ್ಚರಲ್ ಎಂಜಿನಿಯರ್ ಗುರುತು ಹಾಕಿಕೊಟ್ಟ ಕಡೆ, ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ಅಡ್ಡತೊಲೆ (ಲಿಂಟಲ್) ಕೊಟ್ಟೇ ತೆಗೆಯಬೇಕು.

ಮಿಷನ್ ಇದ್ದ ದೊಡ್ಡ ಹಾಲನ್ನು ರೂಮುಗಳಾಗಿ ಕತ್ತರಿಸಬೇಡಿ. ಆ ಎತ್ತರ, ಶಾಫ್ಟು, ಪುಲ್ಲಿ, ಭತ್ತ ಮೇಲೆತ್ತುವ ಮರದ ಎಲಿವೇಟರ್ ಇರುವುದರಿಂದಲೇ ಅದು ಮಿಲ್ಲು. ಊಟದ ಹಾಲ್ ಅಲ್ಲೇ ಆಗಲಿ. ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಹಳೇ ವ್ಯಾಪಾರಿ ಕಂಪನಿಯ ಕಟ್ಟಡ. 2012ರಲ್ಲಿ ಶುರುವಾದ ಬಿನಾಲೆ ಎಂಬ ಕಲಾ ಪ್ರದರ್ಶನಕ್ಕೆ ಅಲ್ಲಿಗೆ ಜನ ಬಂದರು, ಆ ಹಳೇ ಗೋದಾಮುಗಳನ್ನೂ ನೋಡಿ ಹೋದರು.

ಭತ್ತ ಬೇಯಿಸುತ್ತಿದ್ದ ಬಾಯ್ಲರ್ ಕೋಣೆಯನ್ನು ಬಟ್ಟೆ ಒಣಗಿಸಲು ಇಟ್ಟುಕೊಳ್ಳಿ. ಇದು ಸಣ್ಣ ಮಾತಲ್ಲ. ಜುಲೈನಲ್ಲಿ ಬೆಡ್‌ಶೀಟು, ಟವೆಲು ಮೂರು ದಿನವಾದರೂ ಒಣಗದೆ ಇರುವುದು ನಿಮಗೆ ಗೊತ್ತಲ್ಲ. ಹಳೇ ಬಾಯ್ಲರ್ ಮಾತ್ರ ಮತ್ತೆ ಹೊತ್ತಿಸಬೇಡಿ. ಹೊಸ ಒಲೆ, ಹೊಗೆ ಹೊರಗೆ ಹೋಗುವ ಕೊಳವೆ, ಗಾಳಿಗೆ ಫ್ಯಾನು ಹಾಕಿಸಿ.

ಕಾಗದಪತ್ರದಲ್ಲಿ ಮೊದಲು ನೋಡಬೇಕಾದದ್ದು ಜಾಗ ಯಾವ ಉದ್ದೇಶಕ್ಕೆ ಪರಿವರ್ತನೆ ಆಗಿದೆ ಅನ್ನುವುದು. ಕೈಗಾರಿಕೆಗೆ ಆಗಿದ್ದರೆ ವಾಣಿಜ್ಯ ಬಳಕೆಗೆ ಜಿಲ್ಲಾಧಿಕಾರಿಗಳ ಅನುಮತಿ ಕೇಳಬೇಕು. ಪಂಚಾಯಿತಿ ಲೈಸೆನ್ಸ್, ಆಹಾರ ಸುರಕ್ಷತೆ ನೋಂದಣಿ, ಅಗ್ನಿಶಾಮಕ, ಮಾಲಿನ್ಯ ಮಂಡಳಿ ಇವೆಲ್ಲ ಆಮೇಲಿನವು. ಆಸ್ತಿಯಲ್ಲಿ ಅಕ್ಕಂದಿರ ಪಾಲೂ ಇದ್ದರೆ ಎಲ್ಲರ ಒಪ್ಪಿಗೆ ಬರಹದಲ್ಲಿ, ನೋಂದಣಿಯಾಗಿ ಇರಲಿ. ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.

ನನಗೆ ಹೆಚ್ಚು ಚಿಂತೆ ಕೊಡುವುದು ಬಾವಿ. ಚಿರೆ ಮಣ್ಣಿನಲ್ಲಿ ಕೊಳಚೆ ನೀರು ಬೇಗ ಇಂಗಿ ಬಾವಿ ಸೇರುತ್ತದೆ. ಸೆಪ್ಟಿಕ್ ಟ್ಯಾಂಕ್ ಬಾವಿಗಿಂತ ಇಳಿಜಾರಿನ ಕೆಳಗೆ, ಆದಷ್ಟು ದೂರ ಇರಲಿ. ಕೆಳಗಿನ ಮನೆಯವರ ಬಾವಿ ಎಲ್ಲಿದೆ ಅಂತಲೂ ನೋಡಿ. ನಾಲ್ಕು ರೂಮಿನ ಕೊಳಚೆಗೆ ಜಾಗ ಸಿಕ್ಕರೆ ನಾಲ್ಕೇ ರೂಮು ಕಟ್ಟಿ. ಭಾವನವರಿಗೂ ಇದೇ ಲೆಕ್ಕ ತೋರಿಸಿ.