ಹಂಚಿದ ಬರಹಕ್ಕೂ ಒಡೆಯರಿದ್ದಾರೆ

ಸಾಗರ ತಾಲ್ಲೂಕಿನ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ಕನ್ನಡ ವಿಕಿಪೀಡಿಯದಲ್ಲಿ ಅಪ್ಪೆಮಿಡಿಯ ಬಗ್ಗೆ ಎರಡು ವರ್ಷಗಳಿಂದ ಬರೆಯುತ್ತಿದ್ದೇನೆ. ಆ ಸಾಲುಗಳು ಈಗ ಇನ್ನೂರು ರೂಪಾಯಿಯ ಪುಸ್ತಕವೊಂದರಲ್ಲಿ ಅಚ್ಚಾಗಿವೆ. ಎಲ್ಲಿಂದ ತೆಗೆದುಕೊಂಡದ್ದು ಎಂದು ಎಲ್ಲಿಯೂ ಹೇಳಿಲ್ಲ. ಕೇಳಿದ್ದಕ್ಕೆ ಪ್ರಕಾಶಕರು, ವಿಕಿಯಲ್ಲಿರುವುದು ಯಾರ ಸ್ವತ್ತೂ ಅಲ್ಲ ಎಂದರು. ನನ್ನ ಬರಹ ನನ್ನದಲ್ಲವೇ? ಅದನ್ನು ಹಿಂದಕ್ಕೆ ಪಡೆಯಬಹುದೇ?"

ಸಂಪಾದಕರ ಉತ್ತರ:

ನಿಮ್ಮ ಬರಹ ನಿಮ್ಮದೇ, ಅಮ್ಮ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಬರೆದವರೇ ಬರಹದ ಮೊದಲ ಒಡೆಯರು. ಆ ಹಕ್ಕು ಅವರ ಜೀವಮಾನವಿಡೀ ಇದ್ದು, ಆಮೇಲೂ ಅರವತ್ತು ವರ್ಷ ಉಳಿಯುತ್ತದೆ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಅದನ್ನು ನಿಮ್ಮಿಂದ ಬರೆಸಿಕೊಂಡಿಲ್ಲ. ಆದರೆ ಪ್ರತಿ ಸಲ ಪುಟವನ್ನು ಪ್ರಕಟಿಸುವಾಗ ಅದನ್ನು ಷರತ್ತಿನ ಮೇಲೆ ಬಳಸಿಕೊಳ್ಳಲು ನೀವು ಲೋಕಕ್ಕೆಲ್ಲ ಒಂದು ಪರವಾನಗಿ ಕೊಟ್ಟಿದ್ದೀರಿ. ಅದರ ಹೆಸರು ಕ್ರಿಯೇಟಿವ್ ಕಾಮನ್ಸ್ ಅಟ್ರಿಬ್ಯೂಷನ್-ಶೇರ್‌ಅಲೈಕ್ 4.0. 2023ರ ಜೂನ್‌ವರೆಗೆ 3.0 ಆವೃತ್ತಿ ಇತ್ತು.

ಇನ್ನು ನಿಮಗೆ ನೋವಾಗಬಹುದಾದ ಮಾತು. ಪುಸ್ತಕ ಮಾರಿದ್ದು ತಪ್ಪಲ್ಲ. ಹಣ ಮಾಡಿಕೊಳ್ಳಲು ಈ ಪರವಾನಗಿಯಲ್ಲಿ ಅವಕಾಶವಿದೆ. ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಲೂ ಬರುವುದಿಲ್ಲ. ಇದು ಕಠಿಣವೆನಿಸಿದರೂ ನನಗೆ ಸರಿಯೆಂದೇ ತೋರುತ್ತದೆ. ನಿಮ್ಮ ಒಂದು ಸಾಲಿನ ಮೇಲೆ ಇನ್ನೊಬ್ಬರು ಎರಡು ಸಾಲು ಕಟ್ಟಿರುತ್ತಾರೆ. ಅಡಿಗಲ್ಲನ್ನೇ ಕಿತ್ತುಕೊಳ್ಳಬಹುದೆಂದಾದರೆ ಅಲ್ಲಿ ಯಾರೂ ಗೋಡೆ ಎಬ್ಬಿಸುವುದಿಲ್ಲ.

ತಪ್ಪಾಗಿರುವುದು ಮೂಲವನ್ನು ಮುಚ್ಚಿಟ್ಟದ್ದರಲ್ಲಿ. ಬಳಸಿದವರು ಮೂಲ ಹೇಳಬೇಕು, ಪರವಾನಗಿಯನ್ನು ಹೆಸರಿಸಬೇಕು, ತಿದ್ದಿದ್ದರೆ ತಿದ್ದಿದ್ದೇವೆ ಎನ್ನಬೇಕು, ತಿದ್ದಿದ ರೂಪವನ್ನೂ ಅದೇ ಷರತ್ತಿನ ಮೇಲೆ ಹಂಚಬೇಕು. ನಿಮ್ಮ ಹೆಸರೇ ಅಚ್ಚಾಗಬೇಕೆಂದಿಲ್ಲ, ವಿಕಿ ಪುಟದ ವಿಳಾಸ ಕೊಟ್ಟರೂ ಸಾಕು. ವಿಕಿಪೀಡಿಯದ ಬಳಕೆಯ ನಿಯಮಗಳಲ್ಲಿ ನೀವು ಇದಕ್ಕೆ ಒಪ್ಪಿದ್ದೀರಿ. ಅಷ್ಟನ್ನೂ ಮಾಡದಿದ್ದರೆ ಅವರ ಅನುಮತಿ ತಾನಾಗಿಯೇ ಬಿದ್ದುಹೋಗುತ್ತದೆ. ತಪ್ಪು ಗೊತ್ತಾದ ಮೂವತ್ತು ದಿನಗಳೊಳಗೆ ಸರಿಪಡಿಸಿದರೆ ಮತ್ತೆ ಊರ್ಜಿತವಾಗುತ್ತದೆ.

ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಇಂಥದೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅಲ್ಲಿಂದ ಬಂದ ಎಷ್ಟೋ ವಿಕಿ ಲೇಖನಗಳ ಅಡಿಯಲ್ಲಿ ವಿಶ್ವಕೋಶದ ಹೆಸರಿದೆ. ಬಿಟ್ಟುಕೊಟ್ಟದ್ದೆಂದರೆ ಬೇವಾರಸಿಯಾದದ್ದು ಎಂದು ಅರ್ಥವಲ್ಲ. ಈ ಮಾತನ್ನು ಆ ಪ್ರಕಾಶಕರಿಗೆ ಬರೆದೇ ತಿಳಿಸಿ.

ಬರೆಯುವ ಮುನ್ನ ಪುಟದ ಇತಿಹಾಸವನ್ನು ತೆರೆದು ನೋಡಿ. ಯಾವ ಸಾಲು ಯಾವ ದಿನ, ಯಾವ ಗಳಿಗೆಯಲ್ಲಿ ಯಾರಿಂದ ಸೇರಿತೆಂಬುದು ಅಲ್ಲಿ ದಾಖಲಾಗಿದೆ. ನೀವು ಬರೆದ ವಾಕ್ಯಗಳನ್ನಷ್ಟೇ ಗುರುತು ಹಾಕಿಕೊಳ್ಳಿ. ಮಿಡಿಯ ತಳಿಗಳ ಹೆಸರಾಗಲಿ, ಉಪ್ಪಿನಲ್ಲಿ ಹಾಕುವ ಕ್ರಮವಾಗಲಿ ಯಾರೊಬ್ಬರ ಸ್ವತ್ತೂ ಅಲ್ಲ. ಅದನ್ನು ಹೇಳಿದ ನಿಮ್ಮ ಮಾತಷ್ಟೇ ನಿಮ್ಮದು. ಹೊಸ ಪ್ರತಿಗಳಲ್ಲಿ ಮೂಲವನ್ನು ಅಚ್ಚು ಹಾಕಿಸಿ, ಉಳಿದ ಪ್ರತಿಗಳಿಗೆ ಚೀಟಿ ಅಂಟಿಸಿ ಎಂದು ಕೇಳಿ.

ಆ ವಾಕ್ಯಗಳನ್ನು ನಮ್ಮ ಪತ್ರಿಕೆಗೂ ಕಳುಹಿಸಬಹುದು. ಅವು ನಿಮ್ಮವಾದ್ದರಿಂದ ಯಾರ ಒಪ್ಪಿಗೆಯೂ ಬೇಕಿಲ್ಲ. ಇತರರು ಸೇರಿಸಿದ ಸಾಲುಗಳನ್ನು ಮಾತ್ರ ಬಿಟ್ಟು ಕಳುಹಿಸಿ.