ನೋಟಿಸು ಯಾರ ಹೆಸರಿಗೆ ಬಂದಿತ್ತು?

ನಾನು ಆಪ್ತಸಲಹೆಗಾರ್ತಿ. ತೆರಿಗೆ ರಿಟರ್ನ್ ಸಲ್ಲಿಸಿಕೊಡುವ ಸಣ್ಣ ಕಚೇರಿಗಳವರು ನನ್ನ ಬಳಿ ಬರುವುದು ಹೆಚ್ಚಾಗಿ ಸೀಸನ್ ಮುಗಿದ ಮೇಲೆ. ಕೆಲಸದ ಒತ್ತಡ ಇಳಿದಿರುತ್ತದೆ, ಹೋದ ನಿದ್ದೆ ಮಾತ್ರ ಮರಳಿರುವುದಿಲ್ಲ. ಇವರು ಅಂಥ ಐದನೆಯವರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು ನಲವತ್ತು ದಾಟಿದೆ. ಸಿಎ ಮಾಡಿಲ್ಲ, ಆದರೂ ಎಲ್ಲರ ಬಾಯಲ್ಲೂ 'ಆಡಿಟರ್'. ಸುಮಾರು ಮುನ್ನೂರು ಕ್ಲೈಂಟ್‌ಗಳು, ಸಹಾಯಕ್ಕೆ ಒಬ್ಬ ಹುಡುಗ. 2025ರಲ್ಲಿ ಜುಲೈ 31ರ ಗಡುವು ಸೆಪ್ಟೆಂಬರ್ 15ಕ್ಕೆ ಹೋಯಿತು. ಆ ದಿನ ಮಧ್ಯರಾತ್ರಿ ಹತ್ತಿರವಾದಾಗ ಇನ್ನೊಂದು ದಿನ ಸಿಕ್ಕಿತು. ಉಳಿದವರಿಗೆ ಅದು ಬಿಡುವು. ಇವರಿಗೆ ಇನ್ನೂ ಒಂದೂವರೆ ತಿಂಗಳು "ಫಾರ್ಮ್ 16 ನಾಳೆ ಕಳಿಸ್ತೀನಿ ಸರ್" ಎಂಬ ಮಾತು. (ಫಾರ್ಮ್ 16 ಅಂದರೆ ಸಂಬಳದಲ್ಲಿ ಕಡಿತವಾದ ತೆರಿಗೆಗೆ ಕೆಲಸ ಕೊಟ್ಟವರು ನೀಡುವ ಪ್ರಮಾಣಪತ್ರ.)

ಮೊದಲೆರಡು ಭೇಟಿಗಳಲ್ಲಿ ನಿದ್ದೆಯ ಕ್ರಮ, ಉಸಿರಾಟ ಅಂತ ಹೇಳಿಕೊಟ್ಟೆ. ಏನೂ ಪ್ರಯೋಜನವಾಗಲಿಲ್ಲ.

ಮೂರನೆಯ ಭೇಟಿಯಲ್ಲಿ ಅವರ ಮೊಬೈಲ್ ಸದ್ದು ಮಾಡಿತು. ನೋಡಿದವರ ಮುಖ ಬಿಳಿಚಿಕೊಂಡಿತು.

"143(1) ಬಂದಿದೆ ಮೇಡಂ."

ರಿಟರ್ನ್ ಪರಿಶೀಲನೆಯಾದ ಮೇಲೆ ಬರುವ ತಿಳಿವಳಿಕೆ ಪತ್ರ ಅದು. ರಿಫಂಡ್ ಇದ್ದರೂ ಬರುತ್ತದೆ, ಬಾಕಿ ಇದ್ದರೂ ಬರುತ್ತದೆ. ಹಾಗಂತ ನನಗೆ ಹೇಳಿಕೊಟ್ಟವರೇ ಅವರು.

"ನಿಮಗೆ ಬಂದಿದೆಯಾ?"

"ನನಗಲ್ಲ, ಕ್ಲೈಂಟ್‌ದು. ಪೋರ್ಟಲ್‌ನಲ್ಲಿ ಬಹಳ ಜನಕ್ಕೆ ನನ್ನ ನಂಬರ್, ನನ್ನ ಮೇಲ್ ಕೊಟ್ಟಿದ್ದೀನಿ. ಮನೆಯವರದ್ದೂ ಕೊಟ್ಟಿದ್ದೀನಿ. ಒಟಿಪಿ ಕೇಳೋಕೆ ಫೋನ್ ಮಾಡಿದ್ರೆ ಯಾರೂ ಸಿಗಲ್ಲ."

"ಅವರಿಗೆ ಇದು ಗೊತ್ತಾಗುತ್ತಾ?"

"ನಾನು ಹೇಳಿದ್ರೆ ಗೊತ್ತಾಗುತ್ತೆ."

"ಹೇಳ್ತೀರಾ?"

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಬಂದ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. "ನಾಲ್ಕು ಜನರ ರಿಟರ್ನ್‌ನಲ್ಲಿ ತೆರಿಗೆ ಕಡಿಮೆ ಮಾಡೋಕೆ ರಸೀದಿ ಇಲ್ಲದೇ ದೇಣಿಗೆ ತೋರಿಸಿದ್ದೀನಿ ಮೇಡಂ, ಹೋದ ವರ್ಷದ್ದು. ರಿಫಂಡ್ ಬೇಕೇ ಬೇಕು ಅಂತ ಕೂತರು, ಇಲ್ಲ ಅನ್ನೋಕೆ ಆಗಲಿಲ್ಲ. ಪ್ರತಿ ಮೆಸೇಜ್ ಬಂದಾಗಲೂ ಆ ನಾಲ್ವರಲ್ಲಿ ಯಾರದ್ದು ಅಂತ ನೋಡ್ತೀನಿ."

ಮುನ್ನೂರು ಜನರ ಭಯವನ್ನು ಹೊತ್ತಿದ್ದಾರೆ ಅಂದುಕೊಂಡಿದ್ದೆ. ನಾಲ್ಕೇ ಹೆಸರುಗಳು ಅವರನ್ನು ಎಬ್ಬಿಸಿ ಕೂರಿಸುತ್ತಿದ್ದವು.

"ಇದನ್ನು ಸರಿಪಡಿಸೋಕೆ ಆಗುತ್ತಾ?" ಎಂದೆ. ಥಟ್ಟನೆ ವೃತ್ತಿಯವರ ದನಿ ಬಂತು: "ಅಪ್‌ಡೇಟೆಡ್ ರಿಟರ್ನ್, ಅಂದ್ರೆ ತಪ್ಪು ತಿದ್ದಿದ ರಿಟರ್ನ್ ಹಾಕಬಹುದು. ಈಗ 48 ತಿಂಗಳವರೆಗೆ ಅವಕಾಶ ಇದೆ. ಹೋದ ವರ್ಷದ್ದಾದ್ರೆ ತೆರಿಗೆ, ಬಡ್ಡಿ, ಅವೆರಡರ ಮೇಲೆ ಶೇ. 25 ಹೆಚ್ಚುವರಿ. ಇಲಾಖೆಯೇ ಹಿಡಿದ್ರೆ ತಪ್ಪಿಸಿದ ತೆರಿಗೆಯ ಶೇ. 200ರವರೆಗೂ ದಂಡ ಬೀಳಬಹುದು."

ಉತ್ತರ ಅವರಲ್ಲೇ ಇತ್ತು. ನಾನು ಕೊಟ್ಟ ಸಲಹೆ ಇಷ್ಟು: ಈ ವಾರವೇ ಆ ನಾಲ್ವರನ್ನು ಒಬ್ಬೊಬ್ಬರನ್ನಾಗಿ ಕರೆದು ಹೇಳಿ, ಫೋನಿನಲ್ಲಿ ಬೇಡ. "ನೀವು ಕೇಳಿದಿರಿ" ಎಂದು ಶುರು ಮಾಡಬೇಡಿ, "ನಾನು ಹಾಕಬಾರದಿತ್ತು" ಎಂದು ಶುರು ಮಾಡಿ. ಮುಂದಿನ ಸೀಸನ್‌ಗೆ ಮುಂಚೆ ಪೋರ್ಟಲ್‌ನಲ್ಲಿ ಪ್ರತಿ ಕ್ಲೈಂಟ್‌ನ ಸ್ವಂತ ನಂಬರ್ ಹಾಕಿಸಿ, ನಿಮ್ಮದು ಎರಡನೆಯ ಸಂಪರ್ಕವಾಗಿರಲಿ.

ಇದು ಆಪ್ತಸಲಹೆಯ ಕೆಲಸವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಮೊದಲು ಆತಂಕ ಇಳಿಯಲಿ, ಆಮೇಲೆ ನಿರ್ಧಾರ ಎನ್ನುವುದು ಅವರ ಮತ. ಸಾಮಾನ್ಯವಾಗಿ ನಾನೂ ಹಾಗೆಯೇ ನಡೆಯುತ್ತೇನೆ. ಆದರೆ ಇವರ ಆತಂಕ ನಿಜ ಹೇಳುತ್ತಿತ್ತು. ಅದನ್ನು ಉಸಿರಾಟದಿಂದ ಮಲಗಿಸಿದ್ದರೆ ಇನ್ನೊಂದು ವರ್ಷ ಮುಚ್ಚಿಡಲು ನಾನೇ ಶಕ್ತಿ ಕೊಟ್ಟಂತಾಗುತ್ತಿತ್ತು. ಇದೇ ಕೆಲಸದಲ್ಲಿರುವ ಓದುಗರನ್ನೂ ಕೇಳುತ್ತೇನೆ: ಬೇರೆಯವರ ನೋಟಿಸು ನಿಮ್ಮ ಮೊಬೈಲಿಗೆ ಬರುವ ಏರ್ಪಾಡು ನಿಜಕ್ಕೂ ಅನುಕೂಲಕ್ಕಾಗಿಯೇ ಇದೆಯೇ?

ನಾಲ್ವರಲ್ಲಿ ಇಬ್ಬರು ಬೈದುಕೊಂಡೇ ತೆರಿಗೆ ಕಟ್ಟಿದರು. ಒಬ್ಬರು ಫೈಲ್ ವಾಪಸು ತೆಗೆದುಕೊಂಡು ಬೇರೆಯವರ ಬಳಿ ಹೋದರು. ನಾಲ್ಕನೆಯವರು ಇವರ ಸೋದರಮಾವ. ಅವರಿಗೆ ಇನ್ನೂ ಹೇಳಿಲ್ಲ. ಮುಂದಿನ ಭೇಟಿ ಗುರುವಾರ.